ಪ್ರೊಸೆಸರಿಗಾಗಿ ಹಚ್ಚಿದ ಹೂವು

ಹೊನ್ನಾವರದ ಬಂದರು ರಸ್ತೆಯ ಮುದ್ರಣಾಲಯದಲ್ಲಿ ವಿನುತಾ ಅಚ್ಚುಮೊಳೆ ಜೋಡಿಸತೊಡಗಿ ಹನ್ನೊಂದು ವರ್ಷಗಳಾಗಿದ್ದವು. ತಂದೆ ತೀರಿಕೊಂಡ ವರ್ಷ, ಪಿಯುಸಿಯ ಫಲಿತಾಂಶ ಬರುವ ಮೊದಲೇ, ದೊಡ್ಡಪ್ಪ ರಮಾನಂದರು ಅವಳನ್ನು ತಮ್ಮ ಮನೆಗೆ ಕರೆತಂದಿದ್ದರು. ಮರುದಿನವೇ ಮುದ್ರಣಾಲಯಕ್ಕೂ ಕರೆದೊಯ್ದಿದ್ದರು. ಎರಡನ್ನೂ ಪ್ರೀತಿಯಿಂದಲೇ ಮಾಡಿದ್ದರು. ವಿನುತಾಳಿಗೆ ಬಿಡಿಸಿಕೊಳ್ಳಲಾಗದೆ ಇದ್ದದ್ದು ಆ ಪ್ರೀತಿಯಿಂದಲೇ. ಬೈಯುವ ಮನೆಯಿಂದ ಹೊರಬೀಳಲು ಒಂದು ಜಗಳ ಸಾಕು. ಸ್ವಂತ ಮಗಳಿಗಿಂತ ಮೊದಲು ತಮ್ಮನ ಮಗಳ ಎಲೆಗೆ ಬಡಿಸುವವರ ಮನೆಯಲ್ಲಿ ಜಗಳಕ್ಕೆ ಕಾರಣವನ್ನಾದರೂ ಎಲ್ಲಿಂದ ತರುವುದು?

ಎರಡು ಸಾವಿರದ ಎರಡನೆಯ ಇಸವಿಯ ದೀಪಾವಳಿಗೆ ಮುನ್ನ ಅವಳಿಗೊಂದು ದಾರಿ ಕಂಡಿತು. ಕುಮಟೆಯ ಕಂಪ್ಯೂಟರ್ ತರಬೇತಿ ಕೇಂದ್ರದವರು, ಅಲ್ಲಿಯೇ ಉಳಿದು ಕಲಿಸಲು, ಅವಳನ್ನು ಶಿಕ್ಷಕಿಯಾಗಿ ಕರೆದಿದ್ದರು. ಮುಂದೆ ಮುದ್ರಣಾಲಯಕ್ಕೆ ಬೇಕಾಗುತ್ತದೆಂದು ದೊಡ್ಡಪ್ಪನೇ ಪ್ರತಿ ಭಾನುವಾರ ಅವಳನ್ನು ಅಲ್ಲಿಗೆ ಕಲಿಯಲು ಕಳುಹಿಸಿದ್ದರು. ಕಲಿತವಳು ಕಲಿಸುವವಳಾಗಬಹುದೆಂಬುದು ಅವರ ಎಣಿಕೆಯಲ್ಲಿ ಇರಲಿಲ್ಲ. ಸೋಮವಾರದೊಳಗೆ ಉತ್ತರ ಕೊಡಬೇಕಾಗಿತ್ತು. ವಿಷಯ ತಿಳಿಸಿದಾಗ ದೊಡ್ಡಪ್ಪ, “ನೋಡೂವ,” ಎಂದಿದ್ದರು. ಅದಾಗಿ ಎಂಟು ದಿನ ಕಳೆದಿದ್ದರೂ ಆ ಬಗ್ಗೆ ಮತ್ತೊಂದು ಮಾತು ಅವರ ಬಾಯಿಂದ ಬಂದಿರಲಿಲ್ಲ.

ಗುರುವಾರ ಮಧ್ಯಾಹ್ನ ಕುಮಟೆಯಿಂದ ನರೇಶ ಬಂದ. ಬಿಡಿಭಾಗಗಳನ್ನು ತರಿಸಿ ಕಂಪ್ಯೂಟರ್ ಜೋಡಿಸಿ ಕೊಡುವುದು ಅವನ ಕಸುಬು. ತುಳಸಿ ಲಗ್ನ ಮುಗಿದರೆ ಮದುವೆಗಳು ಶುರು. ಬಣ್ಣದ ಆಮಂತ್ರಣವಿಲ್ಲದೆ ಗಿರಾಕಿಗಳು ನಿಲ್ಲುವುದಿಲ್ಲವೆಂದು ರಮಾನಂದರು ಕೊನೆಗೂ ಮನಸ್ಸು ಮಾಡಿದ್ದರು. ಪೆಟ್ಟಿಗೆ, ಪರದೆ, ಮದರ್‌ಬೋರ್ಡ್, ವಿಂಡೋಸ್ ಎಕ್ಸ್‌ಪಿ ಎಲ್ಲವೂ ನರೇಶನ ಹಾಳೆಯಲ್ಲಿ ಬರೆದಾಗಿತ್ತು. ಪ್ರೊಸೆಸರಿನ ಸಾಲೊಂದು ಖಾಲಿ ಉಳಿದಿತ್ತು.

“ಬೋರ್ಡು ಎರಡನ್ನೂ ಹಿಡೀತದೆ ರಮಾನಂದಣ್ಣ. ಸೆಲೆರಾನ್ ಹಾಕೂದಾ, ಪೆಂಟಿಯಂ ಫೋರ್ ಹಾಕೂದಾ, ಅಷ್ಟು ಹೇಳಿ.”

“ಸೆಲೆರಾನ್ ಹೇಳಿದ್ರೆ ಎಂತ ಮಾರಾಯ? ಬಾಣಂತಿ ಟಾನಿಕ್ಕಿನ ಹೆಸರಿದ್ದ ಹಾಗಿದೆ.”

“ಅದೂ ಕೆಲ್ಸ ಮಾಡ್ತದೆ. ಸಣ್ಣದು, ಅಷ್ಟೇ.”

“ಎರಡೂ ಕೆಲ್ಸ ಮಾಡ್ತದೆ ಹೇಳಿ ಆದ್ರೆ ವ್ಯತ್ಯಾಸ ಎಂತ?”

ನರೇಶ ತಲೆ ಕೆರೆದುಕೊಂಡ. ವಿನುತಾ ಕೈಯ ಮಸಿ ಒರೆಸಿಕೊಳ್ಳುತ್ತ ಮುಂದೆ ಬಂದಳು. “ದೊಡ್ಡಪ್ಪ, ನಾವು ಹೆಚ್ಚು ಬೇಕಾಗೂ ಮೊಳೆಗಳನ್ನೆಲ್ಲ ಪೆಟ್ಟಿಗೆಯಲ್ಲಿ ಕೈಯ ಬುಡದ ಮನೆಗಳಲ್ಲೇ ಇಡ್ತೇವೆ ಅಲ್ದಾ? ಪ್ರೊಸೆಸರಿನ ಒಳಗೂ ಹಾಗೇ ಹತ್ತಿರದ ಮನೆ ಉಂಟು. ಪೆಂಟಿಯಂನಲ್ಲಿ ಅದು ದೊಡ್ಡದು. ಸಣ್ಣದ್ರಲ್ಲಿ ಪದೇ ಪದೇ ಎದ್ದು ಕಪಾಟಿನ ತನಕ ಹೋಗಿ ತರಬೇಕು.”

“ಎದ್ದು ಓಡಾಡಿದ್ರೆ ಸೊಂಟಕ್ಕೆ ಒಳ್ಳೇದು,” ಎಂದು ದೊಡ್ಡಪ್ಪ ನಕ್ಕರು.

ವಿನುತಾ ನಗಲಿಲ್ಲ. ಅವಳ ಲೆಕ್ಕಾಚಾರವೆಲ್ಲ ಆ ಖಾಲಿ ಸಾಲಿನ ಮೇಲೆ ನಿಂತಿತ್ತು. ಅವಳು ಹೊರಡಬೇಕಾದರೆ ಆ ಯಂತ್ರದ ಮುಂದೆ ಕೂರಲು ಇನ್ನೊಬ್ಬರು ಬೇಕು. ಮನೆಯಲ್ಲಿ ಇದ್ದವಳು ದೊಡ್ಡಪ್ಪನ ಮಗಳು ಶ್ರೀಮತಿ ಒಬ್ಬಳೇ. ಅವಳಿಗೆ ಬುದ್ಧಿಯಿತ್ತು, ತಾಳ್ಮೆಯಿರಲಿಲ್ಲ. ಕಳೆದ ತಿಂಗಳು ನರೇಶನ ಅಂಗಡಿಯ ಹಳೆಯ ಯಂತ್ರವೊಂದರಲ್ಲಿ ವಧೂವರರ ಫೋಟೋ ತೆರೆಯಲು ಹೋಗಿ, “ಈ ಮರಳು ಗಡಿಯಾರ ನೋಡ್ತಾ ಕೂರೂಕೆ ನಾನೆಂತ ಜೋಯಿಸರಾ?” ಎಂದು ಎದ್ದು ಬಂದಿದ್ದಳು. ಯಂತ್ರ ಚುರುಕಾಗಿದ್ದರೆ ಶ್ರೀಮತಿ ಕೂರುತ್ತಾಳೆ. ಶ್ರೀಮತಿ ಕೂತರೆ ವಿನುತಾ ಕುಮಟೆಯ ಬಸ್ಸು ಹತ್ತಬಹುದು. ಯಂತ್ರ ತಡವರಿಸಿದರೆ ಆ ಕುರ್ಚಿ ಮತ್ತೆ ಅವಳಿಗೇ.

ರಮಾನಂದರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ನಾಳೆ ಶುಕ್ರವಾರ. ದೇವಿ ಹತ್ರ ಪ್ರಸಾದ ಕೇಳೂವ. ಅವಳು ಹೇಳಿದ ಹಾಗೆ.”

“ದೇವಿಗೆ ಎಕ್ಸ್‌ಪಿ ಗೊತ್ತುಂಟಾ ರಮಾನಂದಣ್ಣ?”

“ನಿನಗಿಂತ ಹೆಚ್ಚು ಗೊತ್ತುಂಟು. ನೀನು ನಾಳೆ ಮಧ್ಯಾಹ್ನ ಬಾ, ಆತಾ?”

ಆ ಮನೆಯವರು ಪ್ರಸಾದ ಕೇಳದೆ ಬಾವಿ ತೋಡಿದವರಲ್ಲ, ಹೆಣ್ಣು ಕೊಟ್ಟವರಲ್ಲ. ಕೇಳುವವರು ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಭಟ್ಟರು ಒದ್ದೆ ಕೇಪಳದ ಹೂಗಳನ್ನು ವಿಗ್ರಹದ ಎರಡೂ ಭುಜಗಳಿಗೆ ಹಚ್ಚುತ್ತಾರೆ. ದೇವಿಯ ಬಲಗಡೆಯ ಹೂವು ಮೊದಲು ಬಿದ್ದರೆ ಆಗಬಹುದು; ಎಡಗಡೆಯದು ಬಿದ್ದರೆ ಕೂಡದು. ಹೂ ಕೊಯ್ದು, ನೀರಿನಲ್ಲಿ ಅದ್ದಿ, ಹರಿವಾಣದಲ್ಲಿ ಎರಡು ಸಾಲಾಗಿ ಜೋಡಿಸಿ ಕೊಡುವುದು ಕೇಳುವ ಮನೆಯ ಹೆಣ್ಣುಮಗಳ ಕೆಲಸ. ಹನ್ನೊಂದು ವರ್ಷಗಳಿಂದ ಅದನ್ನು ಮಾಡುತ್ತ ಬಂದ ವಿನುತಾಳಿಗೆ ಯಾರೂ ಹೇಳಿಕೊಡದ ಒಂದು ಸಂಗತಿ ತಿಳಿದುಹೋಗಿತ್ತು: ನೀರು ತುಂಬಿದ ಹೂವು ಕಲ್ಲಿಗೆ ಗಟ್ಟಿಯಾಗಿ ಅಂಟುತ್ತದೆ, ನೀರು ಕೊಡವಿದ ಹೂವು ಬೇಗ ಕಳಚುತ್ತದೆ.

ಶುಕ್ರವಾರ ಬೆಳಿಗ್ಗೆ ಗುಡಿಯ ಬಾವಿಕಟ್ಟೆಯ ಮೇಲೆ ಕುಳಿತು ಅವಳು ಬಲದ ಸಾಲಿನ ಹೂಗಳನ್ನು ಒಂದೊಂದಾಗಿ ಕೊಡವಿದಳು. ಎಡದ ಸಾಲಿನವನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿದಳು. ದೊಡ್ಡದು ಬೇಕೆ ಎಂಬ ಪ್ರಶ್ನೆಗೆ ಬಲವೆಂದರೆ ಹೌದು; ಪೆಂಟಿಯಂ ಬರುತ್ತದೆ, ಶ್ರೀಮತಿ ಕೂರುತ್ತಾಳೆ. ತಾನು ದೇವಿಯ ಬಾಯಿಂದ ಸುಳ್ಳು ಹೇಳಿಸುತ್ತಿಲ್ಲ, ಅವಳನ್ನು ತುಸು ಅವಸರಪಡಿಸುತ್ತಿದ್ದೇನೆ ಅಷ್ಟೇ, ಎಂದು ಸಮಾಧಾನ ಹೇಳಿಕೊಂಡಳು.

ಮಾಬ್ಲೇಶ್ವರ ಭಟ್ಟರು ಹೂ ಹಚ್ಚಿ ಪಕ್ಕಕ್ಕೆ ಸರಿದರು. “ಕೇಳ್ಕೋ ರಮಾನಂದ.”

ರಮಾನಂದರು ಕಣ್ಣು ಮುಚ್ಚಿ ಕೈ ಮುಗಿದರು. ತುಟಿಗಳು ಅಲ್ಲಾಡಿದವು, ಮಾತು ಕೇಳಿಸಲಿಲ್ಲ. ದೀಪದ ಬಿಸಿಗೆ ಕೇಪಳದ ದಳವೊಂದು ಮೆಲ್ಲನೆ ಮುದುಡಿತು. ಭಟ್ಟರು ಗಂಟೆಯನ್ನು ಎರಡು ಸಲ ಬಾರಿಸುವಷ್ಟರಲ್ಲಿ ದೇವಿಯ ಬಲಭುಜದ ಹೂವು ಜಾರಿ ಪೀಠದ ಮೇಲೆ ಬಿತ್ತು.

“ಬಲ ಕೊಟ್ಲು. ಇಷ್ಟು ಬೇಗ ಕೊಟ್ಟದ್ದು ನಾ ನೋಡಿದ್ದೇ ಇಲ್ಲ!” ಎಂದರು ಭಟ್ಟರು.

ವಿನುತಾ ಉಸಿರು ಬಿಟ್ಟಳು. ದೊಡ್ಡಪ್ಪ ಧೋತರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪ್ರೊಸೆಸರಿಗಾಗಿ ಯಾರೂ ಅಳುವುದಿಲ್ಲವೆಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ.

ಗುಡಿಯ ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಅವಳೇ ಕೇಳಿದಳು: “ಹಾಗಾದ್ರೆ ಪೆಂಟಿಯಂ ಹಾಕು ಹೇಳಿ ನರೇಶಂಗೆ ಹೇಳೂದಲ್ಲ ದೊಡ್ಡಪ್ಪ?”

“ಎಂತದು?”

“ಪ್ರಸಾದ ಆತಲ್ಲ, ದೊಡ್ಡದಕ್ಕೆ.”

“ಅಯ್ಯೋ ಹುಚ್ಚೀ! ಡಬ್ಬಿಯೊಳಗಿನ ಬಿಲ್ಲೆ ಯಾವುದು ಹೇಳಿ ಯಾರಾದ್ರೂ ದೇವಿ ಹತ್ರ ಕೇಳ್ತ್ರಾ?” ಅವರು ನಡೆಯುವುದನ್ನು ನಿಲ್ಲಿಸಿದರು. “ನಾ ಕೇಳಿದ್ದು ನಿಂದು. ನರೇಶನ ಎದುರು ನಿನ್ನ ಹೆಸ್ರು ಎತ್ತೂದು ಬೇಡ ಹೇಳಿ ಸುಮ್ನಿದ್ದೆ. ಎಂಟು ದಿನ ಆತು, ಊಟ ಸೇರೂದಿಲ್ಲ. ವಿನುತಾ ಇಲ್ಲೇ ಇರ್ಲಾ ಹೇಳಿ ಕೇಳ್ದೆ. ಎಡ ಕೊಟ್ಟಿದ್ರೆ, ದೇವರಾಣೆ, ನಾನೇ ನಿನ್ನ ಕುಮಟೆಗೆ ಬಿಟ್ಟು ಬತ್ತಿದ್ದೆ. ಹಾಸಿಗೆ ಸುರುಳಿಗೆ ಕಟ್ಟೂಕೆ ಹಗ್ಗ ಸಹ ತಂದಿಟ್ಟಿದ್ದೆ ತಂಗಿ.”

ಭಟ್ಕಳದ ಕಡೆ ಹೊರಟ ಲಾರಿಯೊಂದು ಇಬ್ಬರ ಮೇಲೂ ಧೂಳು ಹಾರಿಸಿಕೊಂಡು ಹೋಯಿತು. ವಿನುತಾ ಕಣ್ಣಿಗೆ ಬಿದ್ದ ಧೂಳನ್ನು ಒರೆಸಿಕೊಂಡಳು. ಎಡದ ಹೂವನ್ನು ಅದ್ದಿ ಅದ್ದಿ ನೀರು ತುಂಬಿಸಿದವಳು ಅವಳೇ. ಮುಚ್ಚಿಟ್ಟರೆ ಇಲ್ಲಿಯೇ ಉಳಿಯಬೇಕು. ಹೇಳಿದರೆ ದೇವಿಗೆ ಮೋಸ ಮಾಡಿದವಳಾಗಬೇಕು. ಎರಡನೆಯದೇ ಆಗಲಿ ಎಂದುಕೊಂಡಳು.

“ದೊಡ್ಡಪ್ಪ, ಬಲದ ಹೂವಿನ ನೀರು ಕೊಡವಿದ್ದೆ. ಬೇಗ ಬೀಳ್ಲಿ ಹೇಳಿ. ಪೆಂಟಿಯಂ ಬರ್ಲಿ ಹೇಳಿ.”

ರಮಾನಂದರು ಅವಳ ಮುಖವನ್ನೇ ನೋಡಿದರು. ಅವಳು ಬೈಗುಳಕ್ಕಾಗಿ ಕಾದಳು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ಆಸೆಯಿಂದ ಕಾದಳು. ಅವರ ಮುಖ ನಿಧಾನವಾಗಿ ಅರಳಿತು.

“ಕೊಡವಿದ್ದು ನೀನು. ಕೊಡವ್ಸಿದ್ದು ಯಾರು ಹೇಳು?” ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. “ನಿನ್ನ ಕೈಯಿಂದ್ಲೇ ದೇವಿ ಹೇಳ್ಸಿದ್ದಾಳೆ ನೋಡು. ಇದಕ್ಕಿಂತ ಎಂತ ಬೇಕು!”

ಅವಳು ದೊಡ್ಡಪ್ಪನ ಹಿಂದೆ ಮುದ್ರಣಾಲಯದ ಕಡೆ ನಡೆದಳು.

ಮಧ್ಯಾಹ್ನ ನರೇಶ ಹಾಳೆ ಬಿಡಿಸಿ ಪೆನ್ನು ತೆಗೆದ. “ದೇವಿ ಎಂತ ಹೇಳಿದ್ಲು ರಮಾನಂದಣ್ಣ?”

“ಅದು ಬೇರೆ. ಪ್ರೊಸೆಸರ್ ಬೇಕಾದ್ರೆ ವಿನುತಾಳ ಹತ್ರ ಕೇಳು. ಕೂರೂದು ಅವಳೇ ಅಲ್ದಾ? ಅವಳು ಹೇಳಿದ್ದು ಹಾಕು.”

“ಹಾಗಾದ್ರೆ ಪೆಂಟಿಯಮ್ಮೇ, ಅಲ್ದಾ ವಿನುತಕ್ಕ?”

ವಿನುತಾ ಹಾಳೆಯ ಖಾಲಿ ಸಾಲನ್ನು ನೋಡಿದಳು. “ಅದು ಎಷ್ಟು ವರ್ಷ ನಡೀತದೆ?”

“ನಾಲ್ಕೈದು ವರ್ಷ ತಿರುಗಿ ನೋಡೂದು ಬೇಡ. ಸಣ್ಣದಾದ್ರೆ ಎರಡು ವರ್ಷಕ್ಕೆ ನೀವೇ ನನ್ನ ಕರೀತ್ರಿ, ಇದ್ರ ಹತ್ರ ಆಗೂದಿಲ್ಲ, ಬದಲು ಮಾಡು ಹೇಳಿ.”

“ಎರಡೇ ವರ್ಷಕ್ಕಾ?”

“ಎರಡೇ. ಆಗ ಇಲ್ಲೇ ಕೂತು ಎಲ್ಲಾ ಮತ್ತೆ ಮೊದ್ಲಿಂದ ಮಾತಾಡ್ಬೇಕು.”

“ಸಣ್ಣದೇ ಹಾಕು,” ಎಂದಳು ವಿನುತಾ.

ನರೇಶ ಬೆರಗಾಗಿ ರಮಾನಂದರ ಕಡೆ ನೋಡಿದ. ಅವರಿಗೂ ಅರ್ಥವಾದಂತೆ ಕಾಣಲಿಲ್ಲ. “ಅದರ ಎದುರು ಕಾಯ್ತಾ ಕೂರೂದು ನೀನಲ್ದಾ ತಂಗಿ?”

“ಎರಡು ವರ್ಷ ಕಾಯೂಕೆ ಆಗ್ತದೆ ದೊಡ್ಡಪ್ಪ.”

ನರೇಶ ಬರೆದುಕೊಂಡ. ವಿನುತಾ ಮೇಜಿನ ಖಾನೆಯಿಂದ ಒಂದು ಅಂಚೆ ಕಾರ್ಡು ತೆಗೆದು, ಕುಮಟೆಯ ವಿಳಾಸವನ್ನು ಮೊದಲು ಬರೆದಳು. ಆಮೇಲೆ ಕಾರ್ಡು ತಿರುಗಿಸಿ, ಈಗ ಬರಲಾಗುವುದಿಲ್ಲ, ಎರಡು ವರ್ಷ ಬಿಟ್ಟು ಮತ್ತೆ ಕೇಳುತ್ತೇನೆ ಎಂದು ಬರೆದಳು.