ಅಳಿಯನ ಹತ್ತನೆಯ ಅಸಿಸ್ಟ್

ಭಾನುವಾರ ಬೆಳಿಗ್ಗೆ ಫೋನ್ ಬಂದಾಗ ಜಿವಿಲೆ ಬೇಯಿಸಿದ ಬೀಟ್‌ರೂಟ್ ತುರಿಯುತ್ತಿದ್ದಳು. ಕೈಯೆಲ್ಲ ಕೆಂಪಾಗಿದ್ದರಿಂದ ಗಂಡ ಪ್ರಾನಾಸ್ ಫೋನನ್ನು ಅವಳ ಕಿವಿಗೆ ಹಿಡಿದು ನಿಂತ. ಮಾತಾಡಿದವನು ತಮ್ಮೂರು ಪಾನೆವೆಜಿಸ್‌ನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅಂಕಿಅಂಶದ ಮೇಜು ನೋಡಿಕೊಳ್ಳುವವನು. ಅಂದು ಮಧ್ಯಾಹ್ನ ಲಿಥುವೇನಿಯಾಕ್ಕೂ ಎಸ್ಟೋನಿಯಾಕ್ಕೂ ಸೌಹಾರ್ದ ಪಂದ್ಯ. ಯಾರು ಎಸೆದರು, ಯಾರು ಹಿಡಿದರು, ಯಾರು ಕಳೆದುಕೊಂಡರು ಎಂದು ನೋಡಿ ಹೇಳಬೇಕಾಗಿದ್ದ ಇನ್ನೊಬ್ಬನಿಗೆ ಗಂಟಲು ಕಟ್ಟಿ ಧ್ವನಿಯೇ ಹೊರಡುತ್ತಿರಲಿಲ್ಲ; ಅವನ ಬದಲು ಜಿವಿಲೆ ಬರಬೇಕಂತೆ.

"ನನ್ನಿಂದ ಆಗಲ್ಲ. ನನ್ನ ಅಳಿಯ ಆಡ್ತಿದಾನೆ," ಎಂದಳು ಜಿವಿಲೆ.

"ಗೊತ್ತಮ್ಮಾ, ಊರಿಗೇ ಗೊತ್ತು. ಈ ಊರಲ್ಲಿ ಆಟಗಾರರಿಗೆ ಸಂಬಂಧವೇ ಇಲ್ಲದವರನ್ನ ಎಲ್ಲಿಂದ ಹುಡುಕ್ಕೊಂಡು ಬರ್ಲಿ? ಎಸ್ಟೋನಿಯಾದವರನ್ನೂ ಕೇಳಿದೆ. ಅತ್ತೆ ಅಂದ್ರೆ ಅಳಿಯನ ಮೇಲೆ ಬಿಗಿ, ನಮಗೇ ಲಾಭ ಅಂತ ನಕ್ಕರು."

ಪ್ರಾನಾಸ್ ಕೂಡ ನಕ್ಕ. ಜಿವಿಲೆ ನಗಲಿಲ್ಲ. ವಾರವಿಡೀ ಔಷಧಿ ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಅವಳಿಗೆ ಪಂದ್ಯದ ದಿನ ಆ ಮೇಜಿನ ಮುಂದೆ ಕೂರುವುದೆಂದರೆ ಹಬ್ಬ. ಆದರೂ ಇವತ್ತು ಅರೆಮನಸ್ಸಿನಿಂದಲೇ ಕೈ ತೊಳೆದು ಹೊರಟಳು.

ಮೇಜಿನಲ್ಲಿ ಆಗಲೇ ಔಕ್ಸೆ ಕೂತಿದ್ದಳು. ಜಿವಿಲೆ ಕಣ್ಣಾದರೆ ಔಕ್ಸೆ ಬೆರಳು. ಜಿವಿಲೆ ಅಂಗಳದಿಂದ ದೃಷ್ಟಿ ತೆಗೆಯದೆ ಹೇಳುತ್ತ ಹೋಗಬೇಕು, ಔಕ್ಸೆ ಕಂಪ್ಯೂಟರಿಗೆ ಹಾಕುತ್ತ ಹೋಗಬೇಕು. ಇಬ್ಬರದೂ ಶಾಲೆಯ ಕಾಲದ ಗೆಳೆತನ.

"ಅಳಿಯಂದಿರ ಕಡೆ ಸ್ವಲ್ಪ ಕೃಪೆ ಇರ್ಲಿ," ಎಂದಳು ಔಕ್ಸೆ.

"ಏಳನೇ ನಂಬರು. ಅಷ್ಟೇ. ಇಲ್ಲಿ ನನಗೆ ಯಾವ ಅಳಿಯನೂ ಇಲ್ಲ."

ಏಳನೇ ನಂಬರಿನ ಗಿಲ್ವಿನಾಸ್ ಆ ದಿನ ಅದ್ಭುತವಾಗಿ ಆಡಿದ. ರಾಷ್ಟ್ರೀಯ ತಂಡಕ್ಕೆ ಹೊಸಬ, ಎತ್ತರವೂ ಅಷ್ಟಕ್ಕಷ್ಟೇ. ಆದರೆ ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿದ್ದವನ ಹಾಗೆ ಅಲ್ಲಿ ಹೋಗಿ ನಿಂತಿರುತ್ತಿದ್ದ. ಎರಡನೇ ಕ್ವಾರ್ಟರಿನಲ್ಲಿ ಅವನು ಇಬ್ಬರ ನಡುವೆ ನುಸುಳಿಸಿದ ಚೆಂಡು ಬುಟ್ಟಿಯ ಕೆಳಗಿದ್ದ ಜೊತೆ ಆಟಗಾರ ತೌತ್ವಿಲಾಸನ ಕೈಸೇರಿತು. ತೌತ್ವಿಲಾಸ್ ಎಸೆಯಲು ಹಾರಿದಾಗ ಎಸ್ಟೋನಿಯಾದವನು ಅವನ ಕೈಗೇ ಹೊಡೆದ. ಫೌಲ್. ಅದಕ್ಕೆ ದಂಡವಾಗಿ ಸಿಕ್ಕ ಎರಡು ಫ್ರೀ ಥ್ರೋಗಳಲ್ಲಿ ಒಂದು ಬುಟ್ಟಿಗೆ ಬಿತ್ತು.

"ಏಳಕ್ಕೆ ಅಸಿಸ್ಟಾ?" ಔಕ್ಸೆಯ ಬೆರಳು ಗಾಳಿಯಲ್ಲೇ ನಿಂತಿತ್ತು. ಬುಟ್ಟಿಗೆ ನೇರ ದಾರಿ ಮಾಡಿಕೊಟ್ಟ ಪಾಸಿಗೆ ಅಸಿಸ್ಟ್ ಎಂದು ಲೆಕ್ಕ.

"ಬೇಡ," ಎಂದಳು ಜಿವಿಲೆ. ಆಟ ಮುಂದೆ ಓಡಿತು.

ಕೊನೆಯ ನಿಮಿಷದ ಹೊತ್ತಿಗೆ ಗೆಲುವು ಖಚಿತವಾಗಿತ್ತು. ಆದರೂ ಯಾರೂ ಎದ್ದು ಹೋಗಲಿಲ್ಲ. ಗಿಲ್ವಿನಾಸನ ಪಾಯಿಂಟುಗಳೂ ತಪ್ಪಿದ ಎಸೆತ ಹಿಡಿದ ರೀಬೌಂಡುಗಳೂ ಹತ್ತನ್ನು ದಾಟಿದ್ದವು, ಅಸಿಸ್ಟ್ ಮಾತ್ರ ಒಂಬತ್ತು. ಇನ್ನೊಂದು ಬಂದರೆ ಮೂರೂ ಎರಡಂಕಿ. ದೇಶದ ಅಂಗಿ ತೊಟ್ಟು ಹಾಗೆ ಆಡುವವರು ಅಪರೂಪ. ಧ್ವನಿವರ್ಧಕದವನು ಬೇರೆ ಅದನ್ನು ಸಾರಿಬಿಟ್ಟಿದ್ದ.

ಗಿಲ್ವಿನಾಸ್ ಚೆಂಡನ್ನು ಮೂಲೆಗೆ ಕೊಟ್ಟ. ಅಲ್ಲಿದ್ದವನು ಎಸೆಯುವವನಂತೆ ನಟಿಸಿ, ಚೆಂಡು ಪುಟಿಸುತ್ತ ಒಬ್ಬನನ್ನು ದಾಟಿ, ಇನ್ನೊಬ್ಬನ ಸುತ್ತ ತಿರುಗಿ ಎಸೆದ. ಬಿತ್ತು! ಕ್ರೀಡಾಂಗಣ ಕಿತ್ತುಹೋಗುವಂತೆ ಕೂಗಿತು.

"ಇಲ್ಲ. ಅದು ಎಸೆದವನ ಸ್ವಂತ ದುಡಿಮೆ," ಎಂದಳು ಜಿವಿಲೆ.

ಪರದೆಯ ಮೇಲೆ ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಪಂದ್ಯ ಮುಗಿದ ಗಂಟೆ ಮೊಳಗಿತು. ಜನರ ಗೊಣಗಾಟದ ನಡುವೆ ಪ್ರಾನಾಸನ ದನಿ ಎಲ್ಲರಿಗೂ ಕೇಳಿಸಿತು: "ಜಿವಿಲೇ, ಇವತ್ತು ಮನೆ ಕಡೆ ಬರ್ಬೇಡ!" ಸುತ್ತಮುತ್ತಲಿನವರು ಬಿದ್ದು ಬಿದ್ದು ನಕ್ಕರು. ಅಂಗಳದಲ್ಲಿದ್ದ ಗಿಲ್ವಿನಾಸ್ ಮೇಜಿನ ಕಡೆ ನೋಡಿ, ಎದೆಯ ಮೇಲೆ ಕೈಯಿಟ್ಟು, ಬಾಣ ತಾಗಿದವನಂತೆ ಓಲಾಡಿದ.

ಅಂಕಿಅಂಶದ ಹಾಳೆಗೆ ಸಹಿ ಬೀಳುವ ಮೊದಲು ಅನುಮಾನವಿದ್ದ ಗಳಿಗೆಗಳನ್ನು ವಿಡಿಯೋದಲ್ಲಿ ಇನ್ನೊಮ್ಮೆ ನೋಡುವುದು ಪದ್ಧತಿ. ಔಕ್ಸೆ ಕೊನೆಯ ಬುಟ್ಟಿಯ ವಿಡಿಯೋ ಹಾಕಿದಳು. ಅನುಮಾನವೇ ಇರಲಿಲ್ಲ, ಜಿವಿಲೆ ಹೇಳಿದ್ದೇ ಸರಿ.

"ಇನ್ನೊಂದಿದೆ, ನೋಡು," ಎಂದು ಔಕ್ಸೆ ಎರಡನೇ ಕ್ವಾರ್ಟರಿಗೆ ಹೋದಳು. ಇಬ್ಬರ ನಡುವೆ ನುಸುಳಿದ ಚೆಂಡು, ಹಾರಿದ ತೌತ್ವಿಲಾಸ್, ಕೈಗೆ ಬಿದ್ದ ಹೊಡೆತ.

"ಫೌಲ್ ಆಗಿ, ಫ್ರೀ ಥ್ರೋ ಒಂದಾದ್ರೂ ಬಿದ್ರೆ ಪಾಸ್ ಕೊಟ್ಟವನಿಗೆ ಅಸಿಸ್ಟ್. ಈ ನಿಯಮ ನನಗೆ ಹೇಳಿಕೊಟ್ಟವಳೇ ನೀನು ಕಣೆ."

ನಿಯಮವನ್ನು ಜಿವಿಲೆ ಮರೆತಿರಲಿಲ್ಲ. ಅದೇ ಪಂದ್ಯದಲ್ಲಿ ಎಸ್ಟೋನಿಯಾದ ಆಟಗಾರನೊಬ್ಬನಿಗೆ ಇಂಥದ್ದೇ ಪಾಸಿಗೆ ಹಿಂದೆಮುಂದೆ ನೋಡದೆ ಅಸಿಸ್ಟ್ ಕೊಟ್ಟಿದ್ದಳು. ಅಳಿಯನ ಸರದಿ ಬಂದಾಗ ಮಾತ್ರ ನಾಲಿಗೆ ತಾನಾಗಿ ಬೇಡವೆಂದಿತ್ತು. ಪಕ್ಷಪಾತ ಮಾಡಬಾರದೆಂದು ಬಿಗಿಹಿಡಿದು ಕೂತವಳು ಅವನ ವಿರುದ್ಧವೇ ಪಕ್ಷಪಾತ ಮಾಡಿದ್ದಳು. ಕೆನ್ನೆ ಬಿಸಿಯಾಯಿತು.

"ಹಾಕು," ಎಂದಳು.

"ಈಗ ಹಾಕಿದ್ರೆ ಜನ ಏನಂತಾರೆ ಗೊತ್ತಲ್ಲ? ಮನೇಲಿ ಬೈಸ್ಕೊಂಡ್ಲು, ಅದಕ್ಕೇ ಕೊಟ್ಲು ಅಂತಾರೆ."

"ಅನ್ನಲಿ ಬಿಡೆ. ಎಸ್ಟೋನಿಯಾದವರನ್ನ ಕರಿ, ಅವರೂ ನೋಡಲಿ."

ಎಸ್ಟೋನಿಯಾದ ಸಹಾಯಕ ತರಬೇತುದಾರ ಬಂದು, ಒಂದೇ ಸಲ ನೋಡಿ ತಲೆಯಾಡಿಸಿದ. "ಇದು ಅಸಿಸ್ಟೇ. ನಮ್ಮತ್ತೇನೂ ಹೀಗೇ ಬಿಗಿ," ಎಂದು ಜಿವಿಲೆಯ ಕೈ ಕುಲುಕಿದ. ಅಷ್ಟರಲ್ಲಿ ಕ್ರೀಡಾಂಗಣ ಅರ್ಧ ಖಾಲಿಯಾಗಿತ್ತು. ಧ್ವನಿವರ್ಧಕದವನು ಬಾಯಲ್ಲಿದ್ದ ಬೆಳ್ಳುಳ್ಳಿ ರೊಟ್ಟಿ ನುಂಗಿಕೊಂಡೇ ಸುದ್ದಿ ಸಾರಿದ. ಬಾಗಿಲ ಬಳಿ ಹೋಗಿದ್ದವರು ತಿರುಗಿ ನಿಂತು ಚಪ್ಪಾಳೆ ತಟ್ಟಿದರು.

ಸಂಜೆ ಬೆಳಕಿನ್ನೂ ಧಾರಾಳವಾಗಿತ್ತು. ಮನೆಯ ತೋಟದ ಸೇಬಿನ ಮರದಡಿ ಎಲ್ಲರೂ ಊಟಕ್ಕೆ ಕೂತರು. ತಣ್ಣನೆಯ ಗುಲಾಬಿ ಬಣ್ಣದ ಬೀಟ್‌ರೂಟ್ ಸೂಪು, ಮೇಲೆ ಸಬ್ಬಸಿಗೆ, ಪಕ್ಕದಲ್ಲಿ ಹಬೆಯಾಡುವ ಆಲೂಗಡ್ಡೆ. ಮಗಳು ಉಗ್ನೆ ಗಂಡನ ಬಟ್ಟಲನ್ನು ಎರಡನೇ ಸಲ ತುಂಬಿಸಿದಳು.

"ಅತ್ತೆ, ಮೊದಲಿನ ಒಂಬತ್ತೇ ಚೆನ್ನಾಗಿತ್ತು," ಎಂದ ಗಿಲ್ವಿನಾಸ್. "ನೀವು ಕೊಡಲಿಲ್ಲ ಅಂತ ತಂಡದವರೆಲ್ಲ ಪಾಪ ಪಾಪ ಅಂತ ನನ್ನ ಬೆನ್ನು ತಟ್ತಿದ್ರು. ಈಗ ನೋಡಿದ್ರೆ ಹತ್ತಾದ ಖುಷಿಗೆ ಎಲ್ರಿಗೂ ಕೇಕ್ ತರಬೇಕಂತೆ!"

"ನಾನು ತಪ್ಪು ಮಾಡಿದ್ದೆ ಕಣೋ," ಎಂದಳು ಜಿವಿಲೆ. "ನೀನಲ್ದೆ ಬೇರೆ ಯಾರಾದ್ರೂ ಆಗಿದ್ರೆ ಆಗಲೇ ಕೊಟ್ಟಿರ್ತಿದ್ದೆ."

ಗಿಲ್ವಿನಾಸ್ ಚಮಚ ಕೆಳಗಿಟ್ಟ. "ನನಗೆ ಅಂಗಳದಲ್ಲೇ ಹಾಗನ್ನಿಸ್ತು ಅತ್ತೆ. ನಾನು ಹೋಗಿ ಕೇಳಿದ್ರೆ ನಿಮಗೆ ಇನ್ನೂ ಕಷ್ಟ ಅಂತ ಸುಮ್ನಿದ್ದೆ."

ಜಿವಿಲೆ ಅವನ ಮುಖವನ್ನೇ ನೋಡಿದಳು. ಮಗಳನ್ನು ಮದುವೆಯಾದಾಗಿನಿಂದ ಅವನು ಇಷ್ಟು ಹತ್ತಿರದವನೆಂದು ಅವಳಿಗೆ ಅನ್ನಿಸಿರಲಿಲ್ಲ. ದೊಡ್ಡ ಆಲೂಗಡ್ಡೆಯೊಂದನ್ನು ಆರಿಸಿ ಅವನ ತಟ್ಟೆಗೆ ಹಾಕಿದಳು.

"ನನಗೆ?" ಎಂದ ಪ್ರಾನಾಸ್.

"ಮನೆಗೆ ಬರ್ಬೇಡ ಅಂದವರು ನೀವೇ ಬಡಿಸ್ಕೊಳ್ಳಿ," ಎಂದಳು ಜಿವಿಲೆ. ಮತ್ತೆ ಅಳಿಯನ ಕಡೆ ತಿರುಗಿದಳು. "ಅಂದಹಾಗೆ, ಐದು ಸಲ ಚೆಂಡು ಕಳ್ಕೊಂಡೆಯಲ್ಲ, ಅದ್ಯಾಕೆ? ಊಟ ಮಾಡು, ಆಮೇಲೆ ಒಂದೊಂದಾಗಿ ಮಾತಾಡೋಣ."