ಅವನ ಕಿವಿ

"ಅಲ್ಲಾಡಬೇಡಮ್ಮ, ಮಾತೂ ಬೇಡ," ಎಂದು ಮಗಳು ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಸಿರಿಂಜಿನಿಂದ ಗುಲಾಬಿ ಬಣ್ಣದ ಮೆತ್ತನೆಯ ಅಂಟನ್ನು ಅಮ್ಮನ ಬಲಗಿವಿಯೊಳಗೆ ತುಂಬಿದಳು. ಅದು ಗಟ್ಟಿಯಾಗಿ ಕಿವಿಯ ಅಚ್ಚು ಸಿಗಬೇಕಾದರೆ ಐದು ನಿಮಿಷ ಸುಮ್ಮನಿರಬೇಕು. ಅಮ್ಮ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಮಗಳು ಕಂಡೇ ಇರಲಿಲ್ಲ.

ಹದಿನೆಂಟು ವರ್ಷದಿಂದ ಕಂಡವರ ಕಿವಿಗೆಲ್ಲ ಕೇಳಿಸುವ ಮಿಷನ್ ಕೂರಿಸುತ್ತ ಬಂದವಳು ಹೆತ್ತವಳ ಕಿವಿಗೆ ಕೈಹಾಕಿದ್ದು ಈಗ. ಕೇಳಬೇಕಾದದ್ದೆಲ್ಲ ಕೇಳಿ ಆಗಿದೆ ಎಂದು ಅಮ್ಮ ಇಷ್ಟು ದಿನ ಮಿಷನ್ ಬೇಡವೆಂದಿದ್ದಳು. ಆದರೆ ಕಿವಿ ಮಂದವಾದಷ್ಟೂ ಅವಳ ಪ್ರಾರ್ಥನೆಯ ದನಿ ಏರುತ್ತ ಹೋಗಿತ್ತು. ಬೆಳಗ್ಗೆ ಆರಕ್ಕೆ ಕಿಟಕಿಯ ಬಳಿ ನಿಂತು, "ನೋಡಪ್ಪಾ, ಇವಳ ಗಂಡ ಬಿಟ್ಟುಹೋಗಿ ಎರಡು ವರ್ಷ ಆಯ್ತು. ಊಟ ಅರ್ಧಕ್ಕೇ ಬಿಡ್ತಾಳೆ. ಸ್ವಲ್ಪ ಗಮನ ಕೊಡು!" ಎಂದು ದೇವರನ್ನು ತರಾಟೆಗೆ ತೆಗೆದುಕೊಂಡರೆ ಮೂರು ಮಹಡಿಗೂ ಕೇಳುತ್ತಿತ್ತು. ಮೊನ್ನೆ ಕೆಳಮನೆಯ ದರ್ಜಿ ಮೆಟ್ಟಿಲ ಮೇಲೆ ಸಿಕ್ಕಿ, "ದೇವರ ವಿಷಯ ಗೊತ್ತಿಲ್ಲ ಮೇಡಂ, ನಾವಂತೂ ಗಮನ ಕೊಡ್ತಿದೀವಿ. ಹೊಟ್ಟೆ ತುಂಬ ಊಟ ಮಾಡಿ," ಎಂದು ನಕ್ಕಿದ್ದ. ಮಗಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತ್ತು.

ವಾರದಲ್ಲಿ ಮಿಷನ್ ಬಂತು. ಮರುದಿನ ಬೆಳಗ್ಗೆ ಅಮ್ಮ ಕಿಟಕಿಯ ಬಳಿ ನಿಂತು "ನೋಡಪ್ಪಾ" ಎಂದವಳೇ ತನ್ನ ದನಿಗೆ ತಾನೇ ಬೆಚ್ಚಿದಳು.

"ಇಷ್ಟು ಜೋರಾಗಿ ಹೇಳ್ತಿದ್ನೇನೇ?"

"ಹೂಂ."

"ಎಲ್ಲಾನೂ?"

"ಎಲ್ಲಾನೂ."

ಆಮೇಲೆ ಮೂರು ದಿನ ಪ್ರಾರ್ಥನೆಯಿಲ್ಲ. ತಟ್ಟೆಗೆ ಚಮಚ ತಾಕುವ ಸದ್ದೂ ದೊಡ್ಡದಾಗಿ ಕೇಳುವಷ್ಟು ಮನೆ ಬಿಕೋ ಎನ್ನುತ್ತಿತ್ತು. ನಾಲ್ಕನೆಯ ದಿನ ರಾತ್ರಿ ಊಟದ ಮಧ್ಯೆ ಮಗಳಿಗೇ ತಡೆಯಲಾಗಲಿಲ್ಲ.

"ಮನಸ್ಸಲ್ಲೇ ಹೇಳ್ಕೊಳಮ್ಮ. ದೇವರಿಗೇನು ನಮ್ಮ ಥರ ಕಿವಿ ಇರುತ್ತಾ?"

"ಇರಲ್ವಾ?"

"ಕಿವಿ, ಮೂಗು, ಮುಖ ಏನೂ ಇರಲ್ಲ. ಇದ್ರೆ ಅವನೂ ನಮ್ಮ ಹಾಗೇ ಒಬ್ಬ ಮನುಷ್ಯ ಆಗ್ಬಿಡ್ತಾನೆ."

ಅಮ್ಮ ಮೇಜಿನ ಮೇಲಿನ ಚೂರುಗಳನ್ನು ಬೆರಳಿಂದ ಒಟ್ಟುಮಾಡುತ್ತ ಕೂತಳು.

"ಮೂಗು ಮುಖ ಬೇಡ, ಬಿಡು. ಅಯ್ಯೋ ಅನ್ನೋಕೆ ಒಂದು ಕರುಳಾದ್ರೂ ಬೇಡ್ವೇನೇ? ನಾನು ಹೋದ್ಮೇಲೆ ನೀನು ಊಟ ಬಿಟ್ಟೆದ್ದಿದ್ದನ್ನ ನೋಡೋರ್ಯಾರು? ಕರುಳೂ ಇಲ್ಲದವನ ಕೈಗೆ ನಿನ್ನ ಹೇಗೆ ಒಪ್ಪಿಸಿ ಹೋಗ್ಲಿ?"

ಮಗಳು ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಉಳಿದದ್ದನ್ನು ತಿಂದು ಮುಗಿಸಿದಳು.

ಮರುದಿನ ಎದ್ದು ಬಂದಾಗ ಅಮ್ಮ ಕಿಟಕಿಯ ಬಳಿ ನಿಂತಿದ್ದಳು. ತುಟಿ ಅಲುಗುತ್ತಿರಲಿಲ್ಲ. ಮಗಳು ಹಿಂದಿನಿಂದ ಹೋಗಿ ಅವಳ ಬಲಗಿವಿಗೆ ಕೈ ತಂದಳು.

"ಇದನ್ನ ಬಿಚ್ಚಿಡ್ತೀನಮ್ಮ. ಮೊದಲಿನ ಹಾಗೇ ಜೋರಾಗಿ ಹೇಳು. ದರ್ಜಿ ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಲಿ."

ಅಮ್ಮ ಅಂಗೈಯಿಂದ ಕಿವಿಯ ಮಿಷನ್ ಅದುಮಿ ಹಿಡಿದಳು.

"ಇಷ್ಟು ವರ್ಷ ನಾನೇ ಬಡ್ಕೊಂಡಿದ್ದಾಯ್ತು. ಮಧ್ಯೆ ಅವನೇನಾದ್ರೂ ಅಂದ್ನೋ ಏನೋ, ಯಾರಿಗೆ ಕೇಳಿಸ್ತು?"

"ಅಮ್ಮ, ಒಂದು ಐದು ನಿಮಿಷ ಬಿಚ್ಚಿಡ್ತೀನಿ..."

"ಬೇಡ," ಎಂದಳು ಅಮ್ಮ.