ಹಿತ್ತಲ ಬಾಗಿಲ ತಟ್ಟೆ

ನವಸಾಗರದ ಹೊಗೆ, ಮೂಗಿನೊಳಗೆ ಒಂದು ಕ್ಷಣ ಚುಚ್ಚಿ ಆಮೇಲೆ ಬಿಸಿ ಲೋಹವಾಗಿ ಉಳಿಯುವ ವಾಸನೆ, ಬೀದರಿನ ನಮ್ಮ ಗಲ್ಲಿಯಲ್ಲಿ ಕಲಾಯಿಯವನು ತಿದಿ ಹೂಡಿದಾಗ ಏಳುತ್ತಿತ್ತಲ್ಲ, ಅದೇ, ಹಿಂದಿನ ಮನೆಯ ಗೋದಾಬಾಯಿಯ ಹಿತ್ತಾಳೆ ತಟ್ಟೆಯಲ್ಲಿ ವಾರವಾದರೂ ಆರದೆ ಇರುತ್ತಿದ್ದದ್ದು — ಅಲ್ಲ, ಇದು ಪಕ್ಕದ ಮೇಜಿನ ಬೆಸುಗೆ, ಯಾರೋ ತಂತಿ ಕೂಡಿಸುತ್ತಿದ್ದಾರೆ, ನಾನು ಕುಷಾಯಿಗೂಡದ ಈ ಸಣ್ಣ ಕಂಪನಿಯ ಮಹಡಿಯಲ್ಲಿ ಪರದೆಯ ಮುಂದೆ ಕೂತಿದ್ದೇನೆ, ಎದುರಿಗೆ ಒಂದೇ ಒಂದು ಕೆಂಪು ಸಾಲು. ನಿವೃತ್ತಳಾದ ನನ್ನನ್ನು ಕಂಪನಿ ನಡೆಸುವ ಶೋಭಾ ಕರೆಸಿಕೊಂಡಳು, ಅಕ್ಕಾರ, ಈ ಮರಾ ನೀವs ಅಚ್ಚುಕಟ್ಟ ಮಾಡಬೇಕ್ರಿ ಅಂದಳು, ಮರವೆಂದರೆ ನಮ್ಮದೇ ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿನ ಸೋರ್ಸ್ ಕೋಡ್, ಬುಡದಿಂದ ಕೊಂಬೆ ಕೊಂಬೆಯಾಗಿ ಫೋಲ್ಡರುಗಳು, ಅದನ್ನು ತಾವಾಗಿಯೇ ಓಡಿ ಪರೀಕ್ಷಿಸುವ ಪ್ರೋಗ್ರಾಮುಗಳು ಮಾತ್ರ ಇಷ್ಟು ವರ್ಷ ಒಂದೇ ಮೂಲೆಯಲ್ಲಿ, ಧರ್ಮಶಾಲೆಯ ಪ್ರಯಾಣಿಕರಂತೆ ಒತ್ತಿಕೊಂಡು, ಒಂದರ ಹಿಂದೆ ಒಂದು. ಅವನ್ನು ಎಬ್ಬಿಸಿ, ಯಾವುದು ಯಾವುದನ್ನು ಪರೀಕ್ಷಿಸುತ್ತದೋ ಅದರ ಪಕ್ಕದಲ್ಲೇ ಕೂರಿಸಿದೆ, ಓಡುವ ಮುಂಚೆ ಪ್ರತಿಯೊಂದಕ್ಕೂ ತನ್ನದೇ ಖಾಲಿ ಕೋಣೆ, ಮುಗಿದ ಕೂಡಲೇ ಕಸ ಗುಡಿಸಿ ಬಾಗಿಲು ಹಾಕುವುದು. ಬುಡದಲ್ಲಿ ನಿಂತು ಒಂದು ಸಲ ಕೂಗಿದರೆ ಎಲ್ಲ ಕೊಂಬೆಗೂ ಕೇಳಿಸಬೇಕು. ಈಗ ಕೂಗಿದೆ. ಎಲ್ಲ ಹಸಿರು, ಶಾಖ ಮಿತಿ ಮೀರಿದರೆ ಗಂಟೆ ಹೊಡೆಯುತ್ತದೋ ಇಲ್ಲವೋ ನೋಡುವ ಪರೀಕ್ಷೆ ಮಾತ್ರ ಕೆಂಪು. ವೈಜನಾಥ ಕುರ್ಚಿ ಎಳೆದುಕೊಂಡು ಬಂದ, ಸಿಸ್ಟಮ್ಮಿನ ಅರ್ಧ ಅವನೇ ಬರೆದದ್ದು, ಅಕ್ಕಾರ, ಮನೀ ಬದಲಿ ಮಾಡಿದ್ರ ಹಳೇ ಮುದುಕ್ರು ಹಿಂಗs ಕೊಸರಾಡ್ತಾರ್ರಿ, ನಿನ್ನೀತನಕ ಪಾಸ್ ಆಗಿದ್ದು ಇವತ್ತ ಫೇಲ್ ಅಂದ್ರ ತಪ್ಪು ಪರೀಕ್ಷಾದ್ದು, ಕಿತ್ತು ಒಗೀರಿ, ಗಾಡಿ ಬಾಗಲಾಗ ನಿಂತೈತಿ. ನಾನೂ ಮುದುಕಿನೇ ಅಲ್ಲೇನಪ್ಪಾ, ನನ್ನೂ ಒಗೀತೀಯೇನು ಅಂದೆ, ಛೇ, ನಿಮಗಂದಿಲ್ರಿ ಅಂದು ಕಿವಿ ಕೆಂಪು ಮಾಡಿಕೊಂಡು, ಫ್ಯಾನಿನ ಮುಖವನ್ನು ನನ್ನ ಕಡೆ ತಿರುಗಿಸಿ ಹೋದ, ಒಳ್ಳೆಯ ಹುಡುಗ, ಅವಸರ ಅಷ್ಟೆ.

ಗಾಡಿ ಹೋಗುವುದು ಜೀಡಿಮೆಟ್ಲಾಕ್ಕೆ, ಅಲ್ಲಿನ ಔಷಧ ಕಾರ್ಖಾನೆಯ ದ್ರಾವಕ ಕುದಿಸುವ ಹಂಡೆಗೆ ಈ ಸಿಸ್ಟಮ್ ಓಡುವ ನಮ್ಮ ಪೆಟ್ಟಿಗೆ ಕಾವಲು, ಹಂಡೆಯ ಪಕ್ಕದಲ್ಲೇ ಅದನ್ನು ನೋಡಿಕೊಳ್ಳುವ ಹನುಮಂತರಾಯನ ಸ್ಟೂಲು — ಅಳತೆ ತೆಗೆಯಲು ಹೋದ ದಿನ ಆ ಘಾಟಿಗೆ ನಾನು ಕೆಮ್ಮಿದಾಗ ತನ್ನ ಟವೆಲ್ಲು ನೀರಲ್ಲಿ ಹಿಂಡಿ ನನ್ನ ಕೈಗಿತ್ತು, ಸ್ಟೂಲು ಒರೆಸಿ, ಕೂರ್ಚೋಂಡಮ್ಮಾ, ನಾಕು ಅಲವಾಟೇ ಅಂದವನು, ತನಗೆ ರೂಢಿಯೇ ಎಂದವನು. ಗಂಟೆ ಹೊಡೆದರೆ ಎದ್ದು ಓಡುತ್ತಾನೆ. ಹೊಡೆಯದಿದ್ದರೆ ಕೂತೇ ಇರುತ್ತಾನೆ. ಆ ಕೆಂಪು ಸಾಲನ್ನು ಅಳಿಸಲು ಒಂದು ಬೆರಳು ಸಾಕು, ಆದರೆ ನಿನ್ನೆಯವರೆಗೆ ಅದು ಪಾಸಾದದ್ದು ಹೇಗೆ, ಯಾರ ಆಸರೆಯಿಂದ — ಅವ್ವ ಟೈಫಾಯ್ಡಿನಲ್ಲಿ ಮಲಗಿದ್ದಳು, ನಾನು ಶಾಲೆಯಿಂದ ಬರುವ ಹೊತ್ತಿಗೆ ಒಲೆಯ ಪಕ್ಕ ತಟ್ಟೆ, ಮೇಲೊಂದು ತಟ್ಟೆ ಮುಚ್ಚಿ, ಕಲಾಯಿಯ ವಾಸನೆ, ಕೆಳಗೆ ಎರಡು ರೊಟ್ಟಿ, ಪುಂಡಿಪಲ್ಲೆ, ನಮ್ಮ ಮನೆ ನಡೆಯುತ್ತಿದೆ, ಅವ್ವ ಹೇಗೋ ಎದ್ದು ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ, ಗೋದಾಬಾಯಿ ಉದಗೀರಿಗೆ ಮದುವೆಗೆ ಹೋದ ದಿನ ಒಲೆಯ ಪಕ್ಕ ಏನೂ ಇಲ್ಲ, ಒಲೆಯಲ್ಲಿ ಎಂದಿನದೋ ಬೂದಿ, ಅವ್ವನಿಗೆ ಮಗ್ಗುಲು ಬದಲಿಸುವ ತ್ರಾಣವೂ ಇಲ್ಲ. ಆಗ ಗೊತ್ತಾಯಿತು, ಹಿತ್ತಲ ಬಾಗಿಲಿಂದ ಯಾರು ಬರುತ್ತಿದ್ದರೆಂದು, ಅವ್ವ ಎಷ್ಟು ಬಿದ್ದುಹೋಗಿದ್ದಳೆಂದು. ಮುಚ್ಚಿದ ತಟ್ಟೆ. ಹಳೆಯ ಸಾಲಿನಲ್ಲಿ ಈ ಪರೀಕ್ಷೆಯ ಮುಂದೆ ಯಾವುದಿತ್ತು, ಶಾಖದ ಮಿತಿಯನ್ನು ಫೈಲಿನಲ್ಲಿ ಬರೆದು ನೋಡುವ ಪರೀಕ್ಷೆ, ಬರೆದದ್ದನ್ನು ಅಳಿಸದೆ ಹೋಗುತ್ತಿತ್ತು, ಹಿಂದೆ ಬಂದದ್ದು ಅದನ್ನೇ ಉಂಡು ತಾನು ಗಟ್ಟಿಯೆಂದು ಹೇಳುತ್ತಿತ್ತು. ಎರಡನ್ನೂ ಒಂದೇ ಕೋಣೆಯಲ್ಲಿ ಓಡಿಸಿದೆ, ಹಸಿರು. ಬೇರೆ ಮಾಡಿದೆ, ಕೆಂಪು. ಕುರ್ಚಿ ತಿರುಗಿಸಿ ಕರೆದೆ. ಶೋಭಾ, ಪರೀಕ್ಷೆ ಸುಳ್ಳು ಹೇಳ್ತಿಲ್ಲಮ್ಮ, ಮಿತಿ ಬರೆದ ಫೈಲೇ ಇಲ್ಲದಿದ್ದರೆ ನಮ್ಮ ಸಿಸ್ಟಮ್ ಮಿತಿಯೇ ಇಲ್ಲ ಅಂತ ತಿಳೀತದೆ, ಗಂಟೆ ಹೊಡೆಯದೆ ಸುಮ್ಮನಿದ್ದುಬಿಡ್ತದೆ.

ಫೈಲ್ ಯಾಕ ಹೋಗ್ತದ್ರೀ ಅಕ್ಕಾರ ಅಂದ ವೈಜನಾಥ. ಬರೆಯುವಾಗಲೇ ಕರೆಂಟು ಹೋದರೆ ಅಂದೆ, ರಾಜಧಾನಿಯ ಊರಾದರೇನು, ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಸಲ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಶೋಭಾ ಗಾಡಿಯಿಂದ ಪೆಟ್ಟಿಗೆ ಇಳಿಸಿ ತರಿಸಿದಳು, ಮಿತಿ ಬರೆಯುತ್ತಿರುವಾಗ ತಾನೇ ಪ್ಲಗ್ಗು ಕಿತ್ತಳು, ಮತ್ತೆ ಹಾಕಿದಳು, ಶಾಖ ಅಳೆಯುವ ಸಲಾಕೆಯನ್ನು ಕೊತಕೊತ ಕುದಿಯುವ ಚಹಾದ ಕೆಟಲಿನಲ್ಲಿ ಇಳಿಬಿಟ್ಟಳು, ಅಂಕಿ ಏರಿತು, ಏರಿತು, ಮಿತಿ ದಾಟಿತು, ಎಲ್ಲರೂ ಗಂಟೆಯ ಕಡೆ ನೋಡುತ್ತಿದ್ದೇವೆ, ಕೆಟಲಿನ ಮುಚ್ಚಳ ತಟಪಟ ಕುಣಿಯುತ್ತದೆ, ಗಂಟೆ ಸುಮ್ಮನಿದೆ, ವೈಜನಾಥ ಸಲಾಕೆ ಹೊರತೆಗೆದು ಅಂಗಿಯ ಚುಂಗಿನಿಂದ ಒರೆಸಿ, ನಂದs ತಪ್ಪು, ಗಾಡಿ ವಾಪಸ್ ಕಳಸ್ರಿ ಮೇಡಂ ಅಂದ, ದನಿ ಇಳಿದುಹೋಗಿತ್ತು. ಶೋಭಾ ಫೋನು ಹಿಡಿದು ಮೂಲೆಗೆ ಹೋದಳು, ಈರೋಜು ರಾದಂಡಿ, ಅವುನಂಡಿ, ತಪ್ಪು ಮಾದೇ, ಇವತ್ತು ಬರುವುದಿಲ್ಲ, ತಪ್ಪು ನಮ್ಮದೇ ಅಂದಳು, ಕಾರ್ಖಾನೆಯವರ ಬೈಗುಳ ಇಲ್ಲಿಗೂ ಕೇಳುತ್ತಿದೆ, ಅವಳು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಾಳೆ, ನನ್ನ ಹೆಸರನ್ನಾಗಲಿ ವೈಜನಾಥನ ಹೆಸರನ್ನಾಗಲಿ ಎತ್ತಲಿಲ್ಲ. ಆ ಪರೀಕ್ಷೆ ಎಲ್ಲಿದೆಯೋ ಅಲ್ಲೇ ಇರಲಿ, ಗಂಟೆಯ ಪ್ರೋಗ್ರಾಮಿನ ಪಕ್ಕದಲ್ಲಿ, ತನ್ನ ಖಾಲಿ ಕೋಣೆಯಲ್ಲಿ, ಕೆಂಪಾಗಿ, ವೈಜನಾಥ ಸರಿ ಮಾಡುವವರೆಗೂ — ಅವನು ಆಗಲೇ ಬಗ್ಗಿ ಕೂತಿದ್ದಾನೆ, ಊಟದ ಹೊತ್ತು ಮೀರಿದೆ, ನಾನು ಡಬ್ಬಿ ತಂದಿಲ್ಲ, ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ, ಅಲ್ಲಿ ಹನುಮಂತರಾಯ ಈ ಹೊತ್ತಿಗೆ ಉಣ್ಣುತ್ತಿರಬಹುದು, ಹಂಡೆಗೆ ಬೆನ್ನು ಹಾಕಿ, ಏನೂ ತಿಳಿಯದೆ, ತಿಳಿಯುವುದೂ ಬೇಡ, ಬೆಸುಗೆಯ ಹೊಗೆ ಮತ್ತೆ, ನವಸಾಗರ, ಶೋಭಾ ಹಿಂದಿನಿಂದ ಬಂದು ಮೇಜಿನ ಮೇಲೆ ಇಟ್ಟಳು, ತನ್ನ ಡಬ್ಬಿಯ ಅನ್ನ, ಎರಡು ರೊಟ್ಟಿ, ಸ್ಟೀಲಿನ ತಟ್ಟೆಯಲ್ಲಿ, ಮೇಲೊಂದು ತಟ್ಟೆ ಮುಚ್ಚಿ — ಮುಚ್ಚಿದ ತಟ್ಟೆ, ಹಿತ್ತಲ ಬಾಗಿಲು, ಮುಚ್ಚಿದ ತಟ್ಟೆ.